ಗಿಣಿಹಸಿರು ಟೇಬಲ್

ನಮ್ಮ ಮಗ್ಗಗಳ ಹಬ್ಬದ ಸ್ಟಾಕು, ರೇಟಿನ ವಿವರವನ್ನು ಸೀರೆ ಅಂಗಡಿಗಳಿಗೆ ಒಂದೊಂದಾಗಿ ಮೇಲ್ ಮಾಡಿ ಸಾಕಾಗಿ, ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕೂತು ನಾನೇ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದೆ. ಬಟನ್ ಒತ್ತಿದರೆ ಪ್ರತಿ ಅಂಗಡಿಗೂ ಅದರದೇ ಟೇಬಲ್, ಗಿಣಿಹಸಿರು ತಲೆಬರಹದೊಂದಿಗೆ ಹೋಗಬೇಕು.

"ಯಾರ್ದೋ ರೇಟು ಯಾರಿಗೋ ಹೋದ್ರೆ ಮಾನ ಹೋಗತ್ತೆ ಕಣಮ್ಮ," ಎಂದಿದ್ದರು ಅಪ್ಪ.

ಮಧ್ಯಾಹ್ನ ಕರೆಂಟ್ ಹೋಗಿ ಮನೆ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳೆಲ್ಲ ನಿಂತವು. ಲ್ಯಾಪ್‌ಟಾಪಿಗೆ ಮೊಬೈಲ್ ನೆಟ್ ಕೊಟ್ಟು ಬಟನ್ ಒತ್ತಿದೆ. ಮೊದಲ ಮೇಲ್ ಹೋಯಿತು, ಶೆಡ್ಡಿನಲ್ಲಿ ಏನೋ ಲಟಕ್ ಎಂದಿತು. ಮುಂದಿನದು ಹೋಯಿತು, ಮತ್ತೆ ಲಟಕ್.

"ನಿಮ್ತಾತನ ಮಗ್ಗ ಕಣೇ ಅದು!" ಎಂದರು ಅಜ್ಜಿ.

ತಾತ ತೀರಿಕೊಂಡಾಗಿನಿಂದ ಅದು ಅರ್ಧ ನೇಯ್ದ ಹಳದಿ ಸೀರೆಯೊಂದಿಗೆ ಹಾಗೇ ನಿಂತಿತ್ತು.

ಎಲ್ಲ ಮೇಲ್‌ಗಳೂ ಹೋದವು, ಒಂದೂ ತಪ್ಪಿಲ್ಲ! ಕುಣಿಯುತ್ತಲೇ ಶೆಡ್ಡಿಗೆ ಓಡಿದೆ. ಯಾರೂ ಇರಲಿಲ್ಲ. ಹಳದಿ ಮುಗಿದಲ್ಲಿ ಬೆರಳಗಲದ ಹೊಸ ನೇಯ್ಗೆ, ಗಿಣಿಹಸಿರು. ನೂಲಿನ ಲಾಳಿ ಮುಟ್ಟಿ ನೋಡಿದೆ, ಬೆಚ್ಚಗಿತ್ತು.