ಎಂಟು ನಂಬರಿನ ಶೂ

"ಬೇಡ ಮಗಾ. ಆ ಶೂ ಹಾಕ್ಬೇಡ."

ಕುಸುಮಮ್ಮ ಈ ಮಾತು ಹೇಳುವ ಹೊತ್ತಿಗೆ ಪರಮೇಶ್ವರನ ಬಲಗಾಲು ಶೂ ಒಳಗೆ ಅರ್ಧ ಇಳಿದಾಗಿತ್ತು. ಶನಿವಾರ ಮಧ್ಯಾಹ್ನ, ಶಿರ್ತಾಡಿಯ ಅವರ ಮನೆಯ ಜಗಲಿ. ಅಂದು ಬೆಳ್ತಂಗಡಿಗೆ ಹೋಗಿ ಉಳಿಯುವುದು, ಭಾನುವಾರ ಬೆಳಕು ಹರಿಯುವಾಗ ಕರ್ಗಲ್ಲು ಗುಡ್ಡ ಹತ್ತುವುದು ಎಂದು ಗೆಳೆಯರು ಗೊತ್ತುಮಾಡಿದ್ದರು. ಪರಮೇಶ್ವರನ ಹತ್ತಿರ ಇದ್ದದ್ದು ಸವೆದ ಚಪ್ಪಲಿ ಒಂದೇ. ಅದನ್ನು ಕಂಡು ಕುಸುಮಮ್ಮನ ಮಗ ರೋಹಿತ್ ಅಟ್ಟದಿಂದ ಈ ಜೋಡಿಯನ್ನು ಇಳಿಸಿ ಕೊಟ್ಟಿದ್ದ. ದಪ್ಪ ಅಡಿಯ ಕಂದು ಶೂ. ಒಳಗಿನಿಂದ ಹಳಸಿದ ಎಣ್ಣೆಯದೂ ಸುಟ್ಟ ಅರಸಿನದ್ದೂ ವಾಸನೆ ಬರುತ್ತಿತ್ತು. ಕಾಲಿಗೆ ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಯಾಕಮ್ಮ, ಏನಾಗಿದೆ ಇದಕ್ಕೆ?"

"ಅದು ನನ್ನ ದೊಡ್ಡ ಮಗ ಶ್ರವಣನದ್ದು. ಯಾರೋ ಅವನ ಹೆಜ್ಜೆ ಬಿದ್ದ ಮಣ್ಣು ತೆಗೆದು ಮಾಟ ಮಾಡ್ಸಿದ್ದಾರೆ. ಆ ಶೂವಿನ ಹಿಂದೆ ನಡೆಯುವಂಥದ್ದು ಒಂದು ಉಂಟು. ಹಾಕಿದವನನ್ನು ಅದು ಬಿಡುವುದಿಲ್ಲ ಮಗಾ."

ಪರಮೇಶ್ವರ ಹೊಟ್ಟೆ ತುಂಬ ನಕ್ಕ. "ನಾನು ಸರ್ವೆಯರ್ ಅಮ್ಮ. ಟೇಪಿನ ಅಳತೆಗೆ ಸಿಗದೇ ಇರೋದನ್ನ ನಾನು ನಂಬಲ್ಲ. ಹಿಂದೆ ಬಂದ್ರೆ ಬರ್ಲಿ ಬಿಡಿ, ಸರ್ವೆಗೆ ಚೈನ್ ಹಿಡಿಯೋಕೆ ನಮಗೂ ಒಬ್ಬ ಬೇಕಾಗಿದಾನೆ."

ಕುಸುಮಮ್ಮನ ಕಣ್ಣು ತುಂಬಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಕಂಬಕ್ಕೆ ಒರಗಿ ನಿಂತಿದ್ದ ರೋಹಿತ್ ತನ್ನಷ್ಟಕ್ಕೆ "ಒಂಜಿ" ಎಂದ. ತುಳುವಿನಲ್ಲಿ ಒಂದು. ಜಾಗ ಅಳೆಯುವಾಗ ಕೇಳಿ ಕೇಳಿ ಪರಮೇಶ್ವರ ಕಲಿತ ತುಳು ಅಂದರೆ ಈ ಲೆಕ್ಕ ಮಾತ್ರ. ಚೀಲಗಳನ್ನು ಎಣಿಸುತ್ತಿರಬೇಕು ಅಂದುಕೊಂಡ.

ಬಾಗಿಲ ಒಳಗೆ ಶ್ರವಣ್ ಕುಳಿತಿದ್ದ. ಎರಡೂ ಕಾಲು ಸ್ಟೂಲಿನ ಮೇಲೆ, ಮೊಣಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆ, ಎರಡು ವರ್ಷದಿಂದ ನೆಲಕ್ಕೆ ಕಾಲಿಟ್ಟಿಲ್ಲ ಎಂದು ರೋಹಿತ್ ಹೇಳಿದ್ದ. ಊಟದುದ್ದಕ್ಕೂ ಆ ಮನುಷ್ಯ ಪರಮೇಶ್ವರನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದ. ಪರಮೇಶ್ವರ ಅದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಈ ಮನೆಗೆ ತನ್ನನ್ನು ಕರೆದರಲ್ಲ ಎಂಬ ಹಿಗ್ಗೇ ಅವನಿಗೆ ಸಾಕಾಗಿತ್ತು.

ಆ ಹಿಗ್ಗಿಗೆ ಕಾರಣ ಇತ್ತು. ತಿಪಟೂರಿನ ಈ ಬಡಪಾಯಿ ಮೂಡುಬಿದಿರೆಗೆ ವರ್ಗವಾಗಿ ಬಂದು ವರ್ಷವಾಗಿತ್ತು. ಊರೆಲ್ಲ ತುಳುವಿನಲ್ಲಿ ನಗುವಾಗ ಇವನೊಬ್ಬ ಗೋಡೆ ನೋಡಿಕೊಂಡು ಚಹಾ ಕುಡಿಯುತ್ತಿದ್ದ. ಮೊದಲ ನಾಲ್ಕು ತಿಂಗಳು ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಅವನ ಹೆಸರು ಬೇಕಾಗಲಿಲ್ಲ. ಆಮೇಲೆ ಒಂದು ಭಾನುವಾರ, ಸಾವಿರ ಕಂಬದ ಬಸದಿ ನೋಡಿ ಹೊರಗೆ ಬಂದರೆ, ಚಪ್ಪಲಿಗಳ ರಾಶಿಯ ನಡುವೆ ಒಬ್ಬ ಹುಡುಗಿ ಇವನದೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಡಿ ತಿರುವಿ ನೋಡುತ್ತಿದ್ದಳು.

"ಇದು ನಿಮ್ಮದಾ? ಎಂಟು ನಂಬರಾ? ಅಯ್ಯೋ, ನಾನು ನನ್ನ ಅಣ್ಣನದ್ದೂಂತ ಗ್ರಹಿಸಿದೆ" ಎಂದು ಕೆಂಪಾಗಿ ನಕ್ಕಿದ್ದಳು. ಅವಳೇ ಪ್ರಾಪ್ತಿ, ರೋಹಿತನ ತಂಗಿ. ಅಂದಿನಿಂದ ಎಂಟು ತಿಂಗಳು, ಅಣ್ಣ ತಂಗಿಯ ಜೊತೆ ಹೋಟೆಲಿನಲ್ಲಿ ಭಾನುವಾರದ ಮೀನೂಟ, ಸಂಜೆಯ ಹರಟೆ. ಇವನು ಅವಳನ್ನು ಚಪ್ಪಲಿ ಕಳ್ಳಿ ಎಂದು ರೇಗಿಸುವುದು, ಅವಳು ತಲೆ ತಗ್ಗಿಸುವುದು. ಆ ತಗ್ಗಿದ ತಲೆಯ ಬಗ್ಗೆ ಪರಮೇಶ್ವರ ಬಾಡಿಗೆ ಕೋಣೆಯಲ್ಲಿ ಮಲಗಿ ಏನೇನೋ ಕನಸು ಕಟ್ಟಿಕೊಂಡಿದ್ದ.

ಮೂವರೂ ರೋಹಿತನ ಕಾರಿನಲ್ಲಿ ಗುರುವಾಯನಕೆರೆ ದಾಟಿ ಬೆಳ್ತಂಗಡಿ ಮುಟ್ಟಿದಾಗ ಸಂಜೆ. ಘಟ್ಟದ ನೀಲಿ ಗೋಡೆ ಪೇಟೆಯ ಮೇಲೆ ಬಗ್ಗಿ ನಿಂತಿತ್ತು. ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಬಲಗಾಲಿನ ಶೂ ಬಾಯಿ ಬಿಟ್ಟಿತು. ರೋಹಿತ್ ದಾರಿ ಗೊತ್ತಿದ್ದವನ ಹಾಗೆ ಬಸ್‌ ಸ್ಟ್ಯಾಂಡಿನ ಹಿಂದಿನ ಒಂದು ಸಣ್ಣ ಅಂಗಡಿಗೆ ಕರೆದುಕೊಂಡು ಹೋದ. ಅಬ್ದುಲ್ ಶುಕೂರ್ ಎಂಬ ಮುದುಕ ಅಲ್ಲಿ ಚಪ್ಪಲಿ, ಚೀಲ ಹೊಲಿಯುತ್ತಿದ್ದರು. ಶೂವನ್ನು ಕೈಗೆ ತೆಗೆದುಕೊಂಡವರು ಕನ್ನಡಕ ಏರಿಸಿದರು. ಬೆರಳು ಒಳಗೆ ಹಾಕಿ ಸವರಿ, ಥಟ್ಟನೆ ಹೊರಗೆ ಎಳೆದುಕೊಂಡರು.

"ಇದು ನನ್ನ ಕೈಯ ಹೊಲಿಗೆ. ಮೂರು ಸಲ ಹಾಕಿ ಕೊಟ್ಟಿದ್ದೇನೆ. ಇದರ ನೂಲು ಸವೆದು ತುಂಡಾಗುವುದಲ್ಲ ಸಾರ್, ಒಳಗಿನಿಂದ ಯಾರೋ ಬಿಚ್ಚಿದ ಹಾಗೆ ಬಿಚ್ಚುತ್ತದೆ. ನೀವು ಹಾಕ್ಬೇಡಿ. ಹಳೇದು ಒಂದು ಜೊತೆ ಇಲ್ಲೇ ಉಂಟು, ಸುಮ್ಮನೆ ತೆಗೊಂಡು ಹೋಗಿ."

"ನಿಮ್ಮ ಊರಲ್ಲಿ ಶೂಗೂ ದೆವ್ವ ಹಿಡಿಯುತ್ತಾ ಸಾಹೇಬ್ರೇ? ಹೊಲೀರಿ ಹೊಲೀರಿ" ಎಂದು ಪರಮೇಶ್ವರ ಅವರ ಬೆನ್ನು ತಟ್ಟಿದ.

ಮುದುಕ ಸೂಜಿಗೆ ನೂಲು ಪೋಣಿಸಿದರು. ಹೊಲಿದು, ಹಿಮ್ಮಡಿಗೆ ಒಂದು ತುಂಡು ರಬ್ಬರ್ ಅಂಟಿಸಿ ಕೊಟ್ಟರು. ಆ ರಬ್ಬರು ನೆಲಕ್ಕೆ ತಾಗಿದಾಗಲೆಲ್ಲ ಕಿರ್ರ್ ಎನ್ನುತ್ತಿತ್ತು. ಪ್ರಾಪ್ತಿ ರಸ್ತೆಯ ಆಚೆ ಬದಿ ಬೆನ್ನು ಹಾಕಿ ನಿಂತಿದ್ದಳು. ರೋಹಿತ್ ಮೆಲ್ಲಗೆ "ರಡ್ಡ್" ಎಂದ. ಎರಡು. ಯಾವುದರ ಎರಡು ಎಂದು ಕೇಳಬೇಕೆಂದುಕೊಂಡ ಪರಮೇಶ್ವರ, ಎದುರಿನ ಹೋಟೆಲಿನಿಂದ ಗೋಳಿಬಜೆಯ ಪರಿಮಳ ಬಂದದ್ದೇ ತಡ, ಮರೆತುಬಿಟ್ಟ.

ಮರುದಿನ ಗುಡ್ಡದ ಬುಡದಲ್ಲಿ ಇವರ ಕಾರು ಒಂದೇ ಇತ್ತು. ಮಂಜು ಎಷ್ಟಿತ್ತೆಂದರೆ ಚಾಚಿದ ಕೈಯ ಬೆರಳು ಮಸುಕಾಗುತ್ತಿತ್ತು. ಕಲ್ಲಿನ ಮೆಟ್ಟಿಲು, ಪಾಚಿ, ಎಲ್ಲೋ ಸತ್ತ ಪ್ರಾಣಿಯ ನಾತ. ಎದುರಿನಲ್ಲಿ ರೋಹಿತ್, ನಡುವೆ ಪ್ರಾಪ್ತಿ.

"ನೀನು ಕೊನೆಗೆ ಬಾ ಮಾರಾಯ. ಹಿಂದೆ ಒಬ್ಬ ಗಟ್ಟಿಯವ ಇರ್ಬೇಕು" ಎಂದಿದ್ದ ರೋಹಿತ್. ಗಟ್ಟಿಯವ ಎನಿಸಿಕೊಂಡವನು ಎದೆಯುಬ್ಬಿಸಿ ನಡೆದ. ಟಪ್, ಕಿರ್ರ್. ಟಪ್, ಕಿರ್ರ್.

ಗುಡ್ಡದ ತುದಿ ಹತ್ತಿರವಾದಾಗ ಬಂಡೆಯೊಂದು ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಮೆಟ್ಟಿಲು ಆ ಸೀಳಿನ ಒಳಗೆ ಹಾದುಹೋಗುತ್ತಿತ್ತು. ಒಳಗೆ ಕಗ್ಗತ್ತಲೆ. ಬಾವಲಿಯ ಹಿಕ್ಕೆಯ ವಾಸನೆ ಗಂಟಲಿಗೆ ಇಳಿಯಿತು. ಗೋಡೆ ಸವರುತ್ತ ಮೆಟ್ಟಿಲು ಎಣಿಸಿದ. ಹನ್ನೊಂದು. ಹನ್ನೆರಡು. ನಿಂತ, ಉಸಿರು ತೆಗೆಯಲಿಕ್ಕೆ.

ಹಿಂದೆ ಒಂದು ಹೆಜ್ಜೆ ಬಿತ್ತು. ಕಿರ್ರ್.

ಪ್ರತಿಧ್ವನಿ ಅಂದುಕೊಂಡ. ಎರಡು ಹೆಜ್ಜೆ ಇಟ್ಟು ನಿಂತ. ಹಿಂದೆ ಮೂರು ಬಿತ್ತು. ಮೂರನೆಯದು ಹತ್ತಿರ. ತೀರ ಹತ್ತಿರ. ಹಳಸಿದ ಎಣ್ಣೆಯ ವಾಸನೆ. ಕತ್ತಿನ ಹಿಂದೆ ತಣ್ಣಗೆ ಯಾರದೋ ಉಸಿರು. ತಿರುಗಬೇಕು. ತಿರುಗಲು ಆಗಲಿಲ್ಲ. ಹಿಮ್ಮಡಿಗೆ ಏನೋ ತಾಗಿತು. ಮೆಟ್ಟಿಲ ಮೇಲೆ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದ ಹಾಗೆ. ಓಡಿದ. ಮೊಣಕೈ ತರಚಿತು, ಹಣೆ ಬಂಡೆಗೆ ಬಡಿಯಿತು. ಬೆಳಕು ಕಂಡಿತು.

ತುದಿಯಲ್ಲಿ ರೋಹಿತ್, ಪ್ರಾಪ್ತಿ ಕಾಯುತ್ತಿದ್ದರು. ಸಮತಟ್ಟಾದ ಬಂಡೆಯ ನಡುವೆ ಪಾದದ ಆಕಾರದ ಒಂದು ಗುಳಿ. ಅದರೊಳಗೆ ಕುಂಕುಮ ಕಲಸಿದಂಥ ಕೆಂಪು ನೀರು, ಕೊಳೆತ ಬಟ್ಟೆಯ ಚೂರು.

"ಪರಮೇಶ," ರೋಹಿತನ ಸ್ವರ ಗಡುಸಾಗಿತ್ತು. "ಗೆಳೆಯ ಆಗಿ ಹೇಳ್ತೇನೆ. ಬೇಡ. ಶೂ ಇಲ್ಲೇ ಬಿಚ್ಚು, ಬರಿಗಾಲಲ್ಲಿ ಇಳಿದು ಹೋಗುವ. ಆ ಗುಳಿಗೆ ಮಾತ್ರ ಕಾಲು ಇಡ್ಬೇಡ."

ಪರಮೇಶ್ವರನಿಗೆ ಹೆದರಿಕೆಯಾಗಿತ್ತು. ಇಲ್ಲ ಎಂದರೆ ಸುಳ್ಳು. ಬಿಚ್ಚಿ ಎಸೆದು ಓಡೋಣ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಆದರೆ ಪ್ರಾಪ್ತಿ ನೋಡುತ್ತಿದ್ದಳು. ನಿನ್ನೆಯಿಂದ ಜಂಭ ಕೊಚ್ಚಿದವನು ಈಗ ಬಾಲ ಮುದುರಿದರೆ ಇವರ ಮುಂದೆ ನಗೆಪಾಟಲು. ಆಮೇಲೆ ಮತ್ತೆ ಅದೇ ಕೋಣೆ, ಅದೇ ಗೋಡೆ, ಒಬ್ಬನೇ ಉಣ್ಣುವ ಅನ್ನ. ಆ ಹೆದರಿಕೆ ಈ ಹೆದರಿಕೆಗಿಂತ ದೊಡ್ಡದಿತ್ತು. ಹಲ್ಲು ಕಿರಿದು, "ಯಾರಪ್ಪಾ ಹಿಂದೆ ಬರ್ತಿರೋನು? ಬಾ ಬಾ, ಜೊತೆಗೆ ಹೋಗೋಣ" ಎಂದು ಕೂಗಿ ಬಲಗಾಲನ್ನು ಗುಳಿಯೊಳಗೆ ಇಟ್ಟ.

ಪಾದ ಪೂರಾ ಹಿಡಿಯಿತು. ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಮೂಜಿ" ಎಂದ ರೋಹಿತ್. ಮೂರು.

ಪ್ರಾಪ್ತಿ ಕೆಳಗೆ ಕುಸಿದು ಕುಳಿತಳು. ಅವಳ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಆ ಕಡೆಯಿಂದ ಕುಸುಮಮ್ಮನ ಕಿರುಚಾಟ ಬಂಡೆಯ ಮೇಲೆಲ್ಲ ಕೇಳಿಸಿತು. ಅಳುವೋ ನಗುವೋ ಗೊತ್ತಾಗದ ತುಳು. ಅದರಲ್ಲಿ ಶ್ರವಣ ಎಂಬ ಹೆಸರು ಮತ್ತೆ ಮತ್ತೆ. ರೋಹಿತ್ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. "ಎದ್ದು ನಿಂತನಂತೆ. ಅಣ್ಣ ನಿಂತನಂತೆ."

ಪರಮೇಶ್ವರ ಗುಳಿಯಿಂದ ಕಾಲು ಕಿತ್ತು ಲೇಸು ಬಿಚ್ಚತೊಡಗಿದ. "ಏನಿದು? ರೋಹಿತ್, ಏನ್ ಮಾಡಿದ್ರಿ ನನಗೆ?"

"ನಾವು ಬೇಡ ಅಂದೆವಲ್ಲ." ರೋಹಿತ್ ಅವನ ಕಣ್ಣು ನೋಡಲಿಲ್ಲ. "ಒಬ್ಬ ತಾಯಿ, ಒಬ್ಬ ಗುರುತಿಲ್ಲದವ, ಒಬ್ಬ ಗೆಳೆಯ. ಮೂರು ಬಾಯಿ ಬೇಡಾಂತ ಹೇಳ್ಬೇಕು, ಅವ ನಗಾಡಿಕೊಂಡು ಹಾಕ್ಬೇಕು. ಹಾಗಾದ್ರೆ ಮಾತ್ರ ಅದು ದಾಟ್ತದೆ. ಮಂತ್ರವಾದಿ ಹೇಳಿದ್ದು. ನಮಗೆ ದಾಟುವುದಿಲ್ಲ, ಒಂದೇ ರಕ್ತ." ಹೇಳಿದವನೇ ತಂಗಿಯ ತೋಳು ಹಿಡಿದು ಎಬ್ಬಿಸಿ ಮೆಟ್ಟಿಲ ಕಡೆ ನಡೆದ.

ಸೀಳುಬಂಡೆಯ ಬಾಯಲ್ಲಿ ಪ್ರಾಪ್ತಿ ಕೈ ಬಿಡಿಸಿಕೊಂಡು ತಿರುಗಿ ನಿಂತಳು.

"ಎಂಟು ನಂಬರಿನವರು ಸಿಗ್ಲಿಕ್ಕೆ ನಾಲ್ಕು ತಿಂಗಳು ಬಸದಿಯ ಎದುರು ನಿಂತಿದ್ದೆ. ಊರಲ್ಲಿ ಯಾರೂ ಇಲ್ಲದವರು ಬೇಕಿತ್ತು. ನೀವು ಒಳ್ಳೆಯವರು. ಮೊದಲ ದಿನವೇ ಗೊತ್ತಾಗಿತ್ತು, ಅದೇ ನನಗೆ ಬೇಜಾರು." ಕಣ್ಣೊರೆಸಿಕೊಂಡಳು. "ನಿಮಗೂ ಹಾಗೇ ದಾಟಿಸ್ಲಿಕ್ಕೆ ಆಗ್ತದೆ. ಅವಸರ ಮಾಡ್ಬೇಡಿ, ಆಯ್ತಾ?"

ಕತ್ತಲೆ ಅವಳನ್ನು ನುಂಗಿತು. ಊರನ್ನೆಲ್ಲ ಅಳೆಯುವ ಸರ್ವೆಯರನನ್ನು ಒಬ್ಬ ಹುಡುಗಿ ಒಂದು ಚಪ್ಪಲಿಯಲ್ಲಿ ಅಳೆದು ಮುಗಿಸಿದ್ದಳು. ಪರಮೇಶ್ವರನಿಗೆ ದೆವ್ವದ ನೆನಪೇ ಹಾರಿಹೋಯಿತು. ಎಂಟು ತಿಂಗಳ ಒಂದೊಂದು ಭಾನುವಾರವೂ, ಮುಳ್ಳು ಬಿಡಿಸಿ ಅವನ ಬಟ್ಟಲಿಗೆ ಹಾಕಿದ ಒಂದೊಂದು ಮೀನಿನ ತುಂಡೂ ಎದೆಯಲ್ಲಿ ತಿರುಗಿ ನಿಂತು ಚುಚ್ಚಿತು. ಮಕ್ಕಳ ಹಾಗೆ ಬಿಕ್ಕಿದ.

ಶೂ ಕಿತ್ತು ಗುಳಿಯ ಹತ್ತಿರ ಎಸೆದು ಬರಿಗಾಲಲ್ಲಿ ಇಳಿದ. ಸೀಳಿನೊಳಗೆ ಹೊಕ್ಕ. ಅವನ ಪಾದದ ಸದ್ದಿಲ್ಲ. ಹಿಂದೆ ಮಾತ್ರ ಟಪ್. ಕಿರ್ರ್. ಓಡಿದ. ಟಪ್ಪ್‌ ಕಿರ್ರ್ ಟಪ್ಪ್‌ ಕಿರ್ರ್. ನಿಂತ. ಒಂದು ಹೆಜ್ಜೆ ಹೆಚ್ಚು. ತಿರುಗಿ ನೋಡಲಿಲ್ಲ. ಕೆಳಗೆ ಮುಟ್ಟಿದಾಗ ಕಾರು ಹೋಗಿತ್ತು. ಒಂದು ಕಲ್ಲಿನ ಮೇಲೆ ಅವನ ಚೀಲ, ನೀರಿನ ಬಾಟಲಿ. ಪಕ್ಕದಲ್ಲಿ ಅವನ ಹಳೆಯ ಚಪ್ಪಲಿಗಳನ್ನು ಯಾರೋ ಒರೆಸಿ, ಮೆಟ್ಟಿಕೊಳ್ಳಲು ಅನುಕೂಲವಾಗುವ ಹಾಗೆ ಜೋಡಿಸಿ ಇಟ್ಟಿದ್ದರು.

ಮರುದಿನ ಬೆಳಿಗ್ಗೆ ಬಾಡಿಗೆ ಕೋಣೆಯ ಬಾಗಿಲು ತೆರೆದರೆ ಆ ಚಪ್ಪಲಿಗಳ ಪಕ್ಕದಲ್ಲಿ ಶೂ ಕೂತಿತ್ತು. ಕೆರೆಗೆ ಎಸೆದ, ಬಂತು. ಸೀಮೆಎಣ್ಣೆ ಸುರಿದು ಸುಟ್ಟ, ಬಂತು. ತಿಂಗಳು ಕಳೆಯುವಷ್ಟರಲ್ಲಿ ಅವನ ಹಿಮ್ಮಡಿ ಕಪ್ಪಾಗಿ ಬಿರುಕು ಬಿಟ್ಟಿತು. ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ. ನೆಲಕ್ಕೆ ಕಾಲಿಟ್ಟರೆ ಕೆಂಡ ತುಳಿದ ಹಾಗೆ ಆಗುತ್ತಿತ್ತು. ನಡೆದರೆ ಹಿಂದೆ ಅದು ನಡೆಯುತ್ತಿತ್ತು.

ಜನವರಿಯ ಒಂದು ಭಾನುವಾರ ಅವನು ಶೂವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಟೋ ಹಿಡಿದು ಬಸದಿಯ ಎದುರಿನ ಕಟ್ಟೆಗೆ ಬಂದು ಕುಳಿತ. ಸುಮ್ಮನೆ ಕೂರಲು ಬಂದದ್ದು ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಬ್ಬನಿಗೆ ಹೀಗೆ ಮಾಡುವುದಿಲ್ಲ, ಸತ್ತರೂ ಮಾಡುವುದಿಲ್ಲ ಎಂದೂ ಹೇಳಿಕೊಂಡ. ಆದರೂ ಕಣ್ಣು ಚಪ್ಪಲಿಗಳ ರಾಶಿಯ ಮೇಲೆಯೇ ಹರಿದಾಡುತ್ತಿತ್ತು.

ಮೂವತ್ತರ ಆಸುಪಾಸಿನ ಒಬ್ಬ ಹೊರಗೆ ಬಂದು ಚಪ್ಪಲಿ ಮೆಟ್ಟಿ, ಎಲ್ಲಿಗೆ ಹೋಗಲಿ ಎಂದು ತಿಳಿಯದವನ ಹಾಗೆ ಅತ್ತಿತ್ತ ನೋಡಿ, ಕಟ್ಟೆಗೆ ಬಂದು ಕುಳಿತ. ಊರಿಗೆ ಹೊಸಬ. ಪರಮೇಶ್ವರನಿಗೆ ಆ ನೋಟದ ಗುರುತು ಚೆನ್ನಾಗಿತ್ತು. ಹೊಸಬನ ಕಣ್ಣು ಚೀಲದಿಂದ ಇಣುಕುತ್ತಿದ್ದ ಶೂ ಮೇಲೆ ಬಿತ್ತು.

"ಒಳ್ಳೇ ಶೂ. ನನ್ನ ಸೈಜೇ ಇರ್ಬೇಕು. ಮಾರೋದಾ ಸಾರ್?"

ಇವನನ್ನು ಉಳಿಸಬೇಕು. ಪರಮೇಶ್ವರ ಚೀಲವನ್ನು ಅವಚಿಕೊಂಡು ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಹೇಳಿದ: "ಬೇಡ. ಇದನ್ನ ಮುಟ್ಟಬೇಡಿ. ಹಾಕಿದವನ ಹಿಂದೆ ಬರೋದು ಒಂದಿದೆ. ದಯವಿಟ್ಟು ಎದ್ದು ಹೋಗಿ ಇಲ್ಲಿಂದ."

ಹೊಸಬ ಅವನ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ಹೊಟ್ಟೆ ತುಂಬ ನಕ್ಕು, ಇನ್ನಷ್ಟು ಹತ್ತಿರಕ್ಕೆ ಸರಿದು ಕುಳಿತು, "ಹಿಂದೆ ಬಂದ್ರೆ ಒಳ್ಳೇದೇ ಆಯ್ತಲ್ಲ ಸಾರ್, ಈ ಊರಲ್ಲಿ ನನ್ನ ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ" ಎಂದ.

ಪರಮೇಶ್ವರನ ಬೆನ್ನ ಹಿಂದೆ ಏನೋ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಕಿರ್ರ್. ಎರಡು ತಿಂಗಳಲ್ಲಿ ಮೊದಲ ಸಲ ಹಿಮ್ಮಡಿಯ ಉರಿ ಒಂದಿಷ್ಟು ತಣಿಯಿತು. ಎಷ್ಟು ಹಾಯಾಗಿತ್ತೆಂದರೆ ಅವನ ಕಣ್ಣಲ್ಲಿ ನೀರು ಬಂತು. ಬಾಯಿ ಬಿಗಿ ಹಿಡಿಯಬೇಕೆಂದು ಹಲ್ಲು ಕಚ್ಚಿದ. ಆದರೂ, ರೋಹಿತ್ ಎಣಿಸಿದ ಮೂರು ತುಳು ಮಾತಿನಲ್ಲಿ ಮೊದಲನೆಯದು, ಅವನ ತುಟಿಯ ಮೇಲೆ ಮೆಲ್ಲಗೆ ಮೂಡಿತು.

"ಒಂಜಿ."