ಅವಸರದ ಚಾರ್ಜು

ಪಾಂಡವಪುರದ ಬಸ್‌ಸ್ಟ್ಯಾಂಡ್ ಹಿಂದಿನ ಬ್ಯಾಟರಿ ಅಂಗಡಿಯ ಕಡೆ ನರ್ಸ್ ಯಶೋಧರಾ ಎರಡು ವರ್ಷದಿಂದ ಕದ್ದು ನೋಡುತ್ತಿದ್ದಳು. ಒಳಗಿನ ಪುಟ್ಟರಾಜು ತಲೆ ಎತ್ತಿದರೆ ಇವಳ ಕಣ್ಣು ಗೋಡೆಯ ಪೋಸ್ಟರ್ ಓದುತ್ತಿತ್ತು.

1996ರ ಜನವರಿಯಲ್ಲಿ ಮೊದಲ ಸಲ ಮಾತಾಡಿದ್ದೇ ಜಗಳವಾಯಿತು. ಲಸಿಕೆ ಒಯ್ಯಬೇಕಿದ್ದ ಜೀಪು ಸ್ಟಾರ್ಟ್ ಆಗಲಿಲ್ಲವೆಂದು ಅದರ ಬ್ಯಾಟರಿ ತಂದಿದ್ದಳು.

"ಎರಡೇ ಗಂಟೇಲಿ ಚಾರ್ಜ್ ಮಾಡ್ಕೊಡಿ. ಪೋಲಿಯೋ ಲಸಿಕೆ ಐಸಲ್ಲಿ ಕಾಯ್ತಾ ಅದೆ."

"ಆಗಕ್ಕಿಲ್ಲ ಮೇಡಂ. ಮುಚ್ಚಳ ತೆಗ್ದು, ಡಿಸ್ಟಿಲ್ಡ್ ವಾಟರ್ ಹಾಕಿ, ಸಣ್ಣ ಕರೆಂಟಲ್ಲಿ ಹತ್ತು ಗಂಟೆ ಬುಡ್ಬೇಕು. ಅವಸರ ಮಾಡುದ್ರೆ ಕಾದೋಯ್ತದೆ, ಕಿಡಿ ತಾಕುದ್ರೆ ಸಿಡಿಯೋ ಗ್ಯಾಸ್ ಏಳ್ತದೆ."

"ಮಕ್ಕಳ ಕಾಲಿಗಿಂತ ನಿಮ್ಗೆ ಬ್ಯಾಟರಿನೇ ಹೆಚ್ಚಾ?"

ಅವಳ ಕಣ್ಣು ತುಂಬಿದ್ದು ಕಂಡು ಅವನು ಒಪ್ಪಿಕೊಂಡು ಚಾರ್ಜರಿನ ಕರೆಂಟು ಏರಿಸಿದ.

ಎರಡು ಗಂಟೆ ಆಗುತ್ತಲೇ, ಗಡಿಬಿಡಿಯಲ್ಲಿ, ಚಾರ್ಜರ್ ಆಫ್ ಮಾಡದೆ ಕ್ಲಿಪ್ಪು ಕಿತ್ತ. ಒಂದು ಕಿಡಿ. ಬ್ಯಾಟರಿ ಸಿಡಿದು ಆಸಿಡ್ ಅವನ ಮುಖಕ್ಕೆ ರಾಚಿತು. ಯಶೋಧರಾ ಬಿಂದಿಗೆ ಬಿಂದಿಗೆ ನೀರು ಸುರಿದಳು. "ಕಣ್ಣು ಬುಡಿ ಪುಟ್ಟರಾಜು, ಬುಡಿ" ಎಂದು ಗೋಗರೆದಳು.

ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು.

ಲಸಿಕೆ ಚಲುವಯ್ಯ ಎಂಬುವವರ ಟೆಂಪೋದಲ್ಲಿ ಸಕಾಲಕ್ಕೆ ತಲುಪಿತು. ಆ ಟೆಂಪೋ ಮೊದಲಿಂದಲೂ ಅಂಗಡಿಯ ಎದುರಿಗೇ ನಿಂತಿತ್ತು. ಕೇಳಬೇಕೆಂದು ಅವಳಿಗೇ ಹೊಳೆದಿರಲಿಲ್ಲ.

ಮೂರು ತಿಂಗಳು ಆ ಬೀದಿ ತಪ್ಪಿಸಿ ಓಡಾಡಿದಳು. ಒಂದು ಸಂಜೆ ತಡೆಯಲಾರದೆ ಅಂಗಡಿಯೊಳಗೆ ಬಂದು ನಿಂತಳು.

"ತಪ್ಪು ನಂದು."

"ನೀವು ಕೇಳುದ್ರಿ. ಒಪ್ಕಂಡೋನು ನಾನು."

"ಯಾಕೆ ಒಪ್ಕಂಡ್ರಿ?"

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. "ನೀವು ಅಳ್ತಿದ್ರಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾನು ನಿಮ್ಮ ಜೊತೆ ಬಾಳ್ಬೇಕು."

"ಕನಿಕರಕ್ಕಾದ್ರೆ ಬ್ಯಾಡ ಕಣ್ರೀ. ಅದು ಒಂದು ವರ್ಸ ಇರ್ತದೆ. ಆಮೇಲೆ ನನ್ ಮುಖ ನೋಡಕ್ಕೇ ಬೇಜಾರಾಯ್ತದೆ."

"ನಮ್ಮೂರ ಬಸ್ಸು ಐದಕ್ಕೇ ಹೊಂಟೋಯ್ತದೆ," ಎಂದಳು ಯಶೋಧರಾ. "ಎರಡು ವರ್ಸ ದಿನಾ ಆರೂವರೆ ಕೊನೇ ಬಸ್ಸಿನ ತಂಕ ನಾನ್ಯಾಕೆ ಇಲ್ಲಿ ನಿಂತಿರ್ತಿದ್ದೆ?"

ಪುಟ್ಟರಾಜು ತಲೆ ಎತ್ತಿದ. ಉಳಿದ ಒಂದೇ ಕಣ್ಣು ಅವಳ ಮೇಲೇ ನೆಟ್ಟಿತ್ತು. ಈ ಸಲ ಅವಳು ನೋಟ ತಪ್ಪಿಸಲಿಲ್ಲ.

ಭಾನುವಾರ ಪಾಲಹಳ್ಳಿಗೆ, ಅವನ ಮನೆಗೆ ಹೋದಳು. ತಾಯಿ ಮಾದಮ್ಮ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆಯೆತ್ತಿ ಅವಳನ್ನೇ ನೋಡಿದರು. ಆ ನೋಟದಲ್ಲಿ ಕೋಪವಿತ್ತು, ನೋವಿತ್ತು. ಯಶೋಧರಾ ಬಿಸಿಲಲ್ಲೇ ನಿಂತಳು.

ಕೊನೆಗೆ ಮಾದಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು.

"ಕೂತ್ಕೋ ಬಾರವ್ವ."