ಸಾಲಗುಂದದ ಬೋರಿಂಗ್ ಹುಡುಕಿದ್ದು

"ಹೆಸರು ಹೇಳ್ ಆಯಿ, ಹೆಸರು! ಹೆಸರಿಲ್ಲಂದ್ರ ಕಂಪ್ಯೂಟರ್ ಹುಡುಕಂಗಿಲ್ಲ."

ಪಾರುವಿನ ಅಪ್ಪ ಗೋಪಣ್ಣ ಹೀಗೆ ಹೇಳಿದ್ದು ಇದು ನಾಲ್ಕನೇ ಸಲ. ಸಿಂಧನೂರಿನ ಬೋರಿಂಗ್, ಅಂದರೆ ಕೈಪಂಪು, ರಿಪೇರಿ ಮಾಡಿಸುವ ಆಫೀಸಿಗೆ ಕಂಪ್ಯೂಟರ್ ಬಂದದ್ದು ಆ ವರ್ಷ, 1998ರಲ್ಲಿ. ಪರದೆ ತುಂಬ ತಾಲೂಕಿನ ನಕ್ಷೆ. ಯಾರ ಮನೆ ಮುಂದಿದೆಯೋ ಅವರ ಹೆಸರು ಟೈಪ್ ಮಾಡಿದರೆ ಆ ಬೋರಿಂಗ್ ಇರುವಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು. ಹಾಗೆ ಹುಡುಕುವ ಏರ್ಪಾಟು ಮಾಡಿದವನು ಅಪ್ಪನೇ. ಅದನ್ನು ನೋಡಲೆಂದೇ ಪಾರು ಶನಿವಾರ ಶಾಲೆ ಬಿಟ್ಟೊಡನೆ ಇಲ್ಲಿಗೆ ಓಡಿ ಬರುತ್ತಿದ್ದಳು.

ಸಾಲಗುಂದದ ಪಕೀರಮ್ಮ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು.

"ನಮ್ಮ ಮನಿ ಮುಂದಿನ ಬೋರಿಂಗ್‌ರಿ. ಮನಿಯವರ ಹೆಸರಿಗೇ ಬರಕೊಂಡಾರ. ಗಂಡನ ಹೆಸರು ನಾ ಹ್ಯಾಂಗ ಹೇಳ್ಲಿರಿ? ನಮ್ಮ ಬಸ್ಸಪ್ಪನ ಅಪ್ಪ ಅಂತ ಹಾಕ್ರಿ."

ಅಪ್ಪ 'ಬಸ್ಸಪ್ಪ' ಎಂದು ಹಾಕಿದ. ಒಂದು ಚುಕ್ಕೆಯೂ ಮಿನುಗಲಿಲ್ಲ. ಪಾರು ಕಿಸಕ್ಕನೆ ನಕ್ಕಳು.

"ಎಂಟು ದಿನ ಆತ್ರಿ, ಕಾಲುವಿ ನೀರು ಕುಡ್ಯಾಕತ್ತೀವಿ. ಮೊಮ್ಮಗಳಿಗೆ ವಾಂತಿ ಹತ್ತೈತಿ," ಎಂದಳು ಪಕೀರಮ್ಮ.

ಪಾರುವಿನ ನಗು ಅಲ್ಲಿಗೇ ನಿಂತಿತು. ರಿಪೇರಿ ಜೀಪು ಮೂರು ಗಂಟೆಗೆ ಹೊರಡುತ್ತದೆ. ಕಂಪ್ಯೂಟರಿನಲ್ಲಿ ಬೋರಿಂಗ್ ಸಿಕ್ಕರಷ್ಟೇ ರಿಪೇರಿಯ ಚೀಟಿ; ಅದು ಸಿಗದಿದ್ದರೆ ಸಾಲಗುಂದದ ಪಾಳಿ ಇನ್ನು ಹದಿನೈದು ದಿನಕ್ಕೆ. ಗೋಡೆಯ ಗಡಿಯಾರದಲ್ಲಿ ಆಗಲೇ ಎರಡೂಮುಕ್ಕಾಲು.

ರೇಷನ್ ಅಂಗಡಿಯಲ್ಲಿ "ಯಜಮಾನನ ಹೆಸರೇನು?" ಎಂದು ಕೇಳಿದಾಗ ಅವ್ವನೂ ಹೀಗೇ ನಿಲ್ಲುತ್ತಿದ್ದಳು. ಹೆಸರು ಹೇಳಲೆಂದು ಮೆಲ್ಲಗೆ ಪಾರುವನ್ನು ಮುಂದೆ ನೂಕುತ್ತಿದ್ದಳು. ಪಾಪ, ಈ ಆಯಿ ಒಬ್ಬಳೇ ಬಂದಿದ್ದಾಳೆ. ನಕ್ಕದ್ದಕ್ಕೆ ಪಾರುವಿಗೆ ನಾಚಿಕೆಯಾಯಿತು.

"ಅಪ್ಪಾ, ನಮ್ಮವ್ವ ಬಂದಿದ್ರೂ ನಿನ್ನ ಹೆಸರು ಹೇಳ್ತಿದ್ದಿಲ್ಲ. ಬ್ಯಾರೆ ಏನರ ಹಾಕಿ ಹುಡುಕಾಕ ಬರಂಗಿಲ್ಲೇನು?"

ಅಪ್ಪನ ಕೈ ಕೀಬೋರ್ಡಿನ ಮೇಲೆಯೇ ನಿಂತಿತು.

"ಊರಿನ ಕಾಲಂ ಐತಿ, ಹತ್ತಿರದ ಗುರುತಿನ ಕಾಲಂ ಐತಿ. ನಾನೇ ಬರೇ ಹೆಸರಿನ ಕಾಲಂ ಹುಡುಕಂಗ ಮಾಡಿಟ್ಟೀನಿ. ಹೆಣ್ಮಕ್ಕಳು ಬಂದು ಕೇಳ್ತಾರಂತ ತಲಿಗೇ ಹೊಳೀಲಿಲ್ಲ ನೋಡು."

ಅವನು ಏನೇನೋ ಒತ್ತಿದ. ಎರಡು ಕಾಲಂ ಸೇರಿಸಲು ಹತ್ತು ನಿಮಿಷ ಹಿಡಿಯಿತು. ಹೊರಗೆ ಜೀಪು ಸ್ಟಾರ್ಟ್ ಆದ ಸದ್ದು ಕೇಳಿ ಪಾರು ಬಾಗಿಲ ಕಡೆ ಕತ್ತು ಚಾಚಿದಳು.

"ಬೋರಿಂಗ್ ಬಾಜೂಕ ಏನೈತಿ ಆಯಿ?"

"ಇಮಾಮ್‌ಸಾಬನ ಹಿಟ್ಟಿನ ಗಿರಣಿ ಐತ್ರಿ."

ಸಾಲಗುಂದ, ಗಿರಣಿ. ಕೆಂಪು ಚುಕ್ಕೆ ಮಿನುಗಿತು! ಪಕ್ಕದಲ್ಲಿದ್ದ ಹೆಸರನ್ನು ಅಪ್ಪ ಜೋರಾಗಿ ಓದಿದ. "ಮುದುಕಪ್ಪ. ಹೌದಲ್ಲ ಆಯಿ?" ಪಕೀರಮ್ಮ ನಾಚಿಕೊಂಡು ತಲೆಯಾಡಿಸಿದಳು.

ಅಪ್ಪ ಚೀಟಿ ಬರೆದುಕೊಟ್ಟ. ಪಾರು ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಆಯಿಯ ಕೈ ಹಿಡಿದು ಜೀಪಿನ ಕಡೆ ಓಡಿದಳು. ಮೆಕ್ಯಾನಿಕ್ ಗೌಸ್‌ಸಾಬ್ ಚೀಟಿಯನ್ನು ನೋಡದೆ ಜೇಬಿಗಿಟ್ಟುಕೊಂಡ.

"ಏರಬೇ ಯಮ್ಮಾ. ಯಾರ ಮನಿ ಮುಂದಿಂದು?"

ಪಕೀರಮ್ಮನ ಕೈ ಸೆರಗಿಗೆ ಹೋಯಿತು. ಅವಳ ತಲೆ ತಗ್ಗುವ ಮೊದಲೇ ಪಾರು ಹೇಳಿದಳು:

"ಮುದುಕಪ್ಪ ತಾತಂದ್ರಿ."